ಸುತ್ತಿಗೆ ಬಿದ್ದ ಮೇಲಿನ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ವರ್ತಕರಿಗೆ ಹರಾಜು ಎಂಬುದು ಪರಿಚಯ ಮಾಡಿಕೊಡಬೇಕಾದ ವಿಷಯವಲ್ಲ. ತಂಬಾಕು ಮಂಡಳಿಯು 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು ಜಾರಿಗೆ ತಂದಂದಿನಿಂದ ಈ ಸೀಮೆಯ ಹೊಗೆಸೊಪ್ಪಿನ ಬೆಳೆಗಾರನ ವರ್ಷದ ದುಡಿಮೆಯು ಹರಾಜು ಮಾರುಕಟ್ಟೆಯ ಕೆಲವೇ ಕ್ಷಣಗಳಲ್ಲಿ ಬೆಲೆ ಕಾಣುತ್ತ ಬಂದಿದೆ. ಕೊಳ್ಳುವವನು ಎಲೆಯ ಬಣ್ಣ ನೋಡುತ್ತಾನೆ, ಮುಟ್ಟಿ ತೇವ ಪರೀಕ್ಷಿಸುತ್ತಾನೆ, ಆನಂತರ ಕಿಲೋ ಒಂದಕ್ಕೆ ಇಷ್ಟು ಎನ್ನುತ್ತಾನೆ. ಆ ಬೆಲೆ ಒಪ್ಪಿಗೆಯಾಗದಿದ್ದಲ್ಲಿ ಬೆಳೆಗಾರನು ತನ್ನ ಬೇಲನ್ನು ಮಾರದೆ ಹಿಂದಕ್ಕೆ ಪಡೆಯಬಹುದು. ಆ ದಿನದ ದರ ಹೇಗಿತ್ತೆಂಬುದು ಸಂಜೆಯೊಳಗೆ ಹಂಪಾಪುರದ ಅಂಗಡಿಗಳಿಗೂ ತಿಳಿದಿರುತ್ತದೆ. ಅಂಗಡಿಯ ಹಳೆಯ ಬಾಕಿ ತೀರುವುದು ಆ ಹಣದಿಂದಲೇ.

ಇದೇ ಹರಾಜು ಪದ್ಧತಿ 2008ರ ಫೆಬ್ರುವರಿ 20ರಂದು ಮುಂಬಯಿಯಲ್ಲಿ ಕ್ರಿಕೆಟ್ ಆಟಗಾರರಿಗೂ ಬಂದಿತು. ಐಪಿಎಲ್ ಹರಾಜಿನ ಬಗ್ಗೆ ಪತ್ರಿಕೆಗಳಲ್ಲಿ ಪ್ರಕಟವಾಗುವುದು ಬಹುಮಟ್ಟಿಗೆ ಒಂದೇ ಅಂಕಿ: ಯಾರು ಎಷ್ಟು ಕೋಟಿಗೆ ಹೋದರು. ಆದರೆ ಈ ವ್ಯಾಪಾರಕ್ಕೆ ಎರಡು ವಿಶೇಷ ನಿಬಂಧನೆಗಳಿವೆ. ಮೊದಲನೆಯದಾಗಿ, ಎಲ್ಲ ತಂಡಗಳಿಗೂ ವೆಚ್ಚದ ಮಿತಿ ಒಂದೇ. ಮಾಲೀಕನು ಎಷ್ಟೇ ಸಿರಿವಂತನಾಗಿದ್ದರೂ ಒಂದು ರೂಪಾಯಿ ಹೆಚ್ಚು ಖರ್ಚು ಮಾಡುವಂತಿಲ್ಲ. ಎರಡನೆಯದಾಗಿ, ಕೂಗಿದ ಬೆಲೆ ಒಂದು ಋತುವಿನ ಸಂಭಾವನೆ. ಋತು ಮುಗಿದೊಡನೆ ಆಟಗಾರನನ್ನು ಬಿಟ್ಟುಬಿಡುವ ಅಧಿಕಾರ ತಂಡಕ್ಕಿದೆ. ಮಿತಿಯುಳ್ಳ ಬಂಡವಾಳದಲ್ಲಿ ಒಂದು ವಸ್ತುವಿನ ನಿಜವಾದ ವೆಚ್ಚವೆಂದರೆ ಅದರ ಬೆಲೆಯಲ್ಲ. ಆ ಬೆಲೆ ತೆತ್ತುದರಿಂದ ಕೊಳ್ಳಲಾಗದೆ ಹೋದ ಉಳಿದ ವಸ್ತುಗಳು. ದಸರೆಗೆ ಮುಂಚೆ ತನ್ನಲ್ಲಿದ್ದ ಹಣವನ್ನೆಲ್ಲ ಒಂದೇ ಸರಕಿನ ಮೇಲೆ ಹಾಕಿದ ಅಂಗಡಿಯವನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಬೆಂಗಳೂರು ರಾಯಲ್ ಚಾಲೆಂಜರ್ಸ್ ತಂಡದ ಖರೀದಿಗಳನ್ನು ಈ ಅಳತೆಗೋಲಿನಿಂದ ನೋಡಿದರೆ, ಒಳ್ಳೆಯ ಖರೀದಿ ಯಾವುದು, ಕೆಟ್ಟದ್ದು ಯಾವುದು ಎಂಬ ಪ್ರಶ್ನೆಗೆ ಅಭಿಮಾನಿಗಳು ಕೊಡುವ ಉತ್ತರಕ್ಕಿಂತ ಭಿನ್ನವಾದ ಉತ್ತರ ದೊರೆಯುತ್ತದೆ.

ಮೊದಲ ಎರಡು ವರ್ಷಗಳು

ವಿಜಯ್ ಮಲ್ಯ ಅವರ ಸಮೂಹವು 11 ಕೋಟಿ 16 ಲಕ್ಷ ಡಾಲರ್ ನೀಡಿ ಬೆಂಗಳೂರು ಫ್ರಾಂಚೈಸಿಯನ್ನು ಪಡೆದುಕೊಂಡಿತು. ಆಟಗಾರರ ಮೇಲಿನ ವೆಚ್ಚದ ಮಿತಿ ಮಾತ್ರ ಎಲ್ಲರಿಗೂ 50 ಲಕ್ಷ ಡಾಲರ್. ರಾಹುಲ್ ದ್ರಾವಿಡ್ ಅವರು ತಂಡದ ಐಕಾನ್ ಆಟಗಾರರಾಗಿದ್ದರು. ತಂಡದ ಉಳಿದವರಲ್ಲಿ ಅತಿ ಹೆಚ್ಚು ಬೆಲೆ ಪಡೆದವರಿಗಿಂತ ಐಕಾನ್ ಆಟಗಾರರಿಗೆ ಶೇಕಡಾ 15ರಷ್ಟು ಹೆಚ್ಚು ಕೊಡಬೇಕೆಂಬುದು ನಿಯಮ. ಜಾಕ್ ಕಾಲಿಸ್ ಅವರಿಗೆ 9 ಲಕ್ಷ ಡಾಲರ್ ಕೂಗಿದ ಕೂಡಲೇ ದ್ರಾವಿಡ್ ಅವರ ಸಂಭಾವನೆ ತಾನಾಗಿ 10 ಲಕ್ಷ 35 ಸಾವಿರ ಡಾಲರ್ ಆಯಿತು. ಅಂದರೆ ಕಾಲಿಸ್ ಅವರಿಗಾಗಿ ಏರಿಸಿದ ಪ್ರತಿಯೊಂದು ಡಾಲರಿಗೆ ತಂಡವು ತೆತ್ತದ್ದು ಎರಡು ಡಾಲರ್ 15 ಸೆಂಟ್. ಹರಾಜಿನ ಮೇಜಿನ ಬಳಿ ಒಬ್ಬ ಗುಮಾಸ್ತನು ಕಾಗದ, ಪೆನ್ಸಿಲು ಹಿಡಿದು ಕುಳಿತಿದ್ದರೂ ಕೂಗುವ ಕೈ ಸ್ವಲ್ಪ ತಡೆಯುತ್ತಿತ್ತೇನೋ. ಇಬ್ಬರೂ ಶ್ರೇಷ್ಠ ಆಟಗಾರರೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ತಂಡ ಐದು ದಿನಗಳ ಪಂದ್ಯಕ್ಕೆ ಹೊಂದುವಂಥದು ಎಂಬ ಟೀಕೆ ಅಂದೇ ಬಂದಿತು. ಎಂಟು ತಂಡಗಳಲ್ಲಿ ಅದಕ್ಕೆ ಏಳನೆಯ ಸ್ಥಾನ ದೊರೆಯಿತು.

ಅದೇ ವರ್ಷ 19 ವರ್ಷದೊಳಗಿನವರ ಆಯ್ಕೆಯಲ್ಲಿ 30 ಸಾವಿರ ಡಾಲರಿಗೆ ವಿರಾಟ್ ಕೊಹ್ಲಿ ಬೆಂಗಳೂರಿಗೆ ಬಂದರು. ಮೊದಲು ಆರಿಸುವ ಅವಕಾಶ ಪಡೆದಿದ್ದ ದೆಹಲಿಯು ತನ್ನೂರಿನ ಹುಡುಗನನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡಿತು. ಇದನ್ನು ಐಪಿಎಲ್ ಇತಿಹಾಸದ ಅತ್ಯುತ್ತಮ ಖರೀದಿ ಎನ್ನುವವರಿದ್ದಾರೆ. ನಿಗದಿತ ದರದಲ್ಲಿ, ಸರದಿಯ ಪ್ರಕಾರ ದೊರೆತುದನ್ನು ಖರೀದಿ ಎನ್ನುವುದು ಕಷ್ಟ. ಆರಿಸಿದ ಕಣ್ಣಿಗೆ ಮೆಚ್ಚುಗೆ ಸಲ್ಲಬೇಕು. ಬೆಲೆ ನಿರ್ಧರಿಸಿದ ಜಾಣ್ಮೆ ಅಲ್ಲಿ ಇರಲಿಲ್ಲ.

2009ರಲ್ಲಿ ಇಂಗ್ಲೆಂಡಿನ ಕೆವಿನ್ ಪೀಟರ್ಸನ್ ಅವರಿಗೆ ಬೆಂಗಳೂರು 15 ಲಕ್ಷ 50 ಸಾವಿರ ಡಾಲರ್ ನೀಡಿತು. ಚೆನ್ನೈ ಅದೇ ಬೆಲೆಗೆ ಆಂಡ್ರ್ಯೂ ಫ್ಲಿಂಟಾಫ್ ಅವರನ್ನು ಕೊಂಡಿತು. ಇಬ್ಬರೂ ಆ ವರ್ಷದ ಅತ್ಯಂತ ದುಬಾರಿ ಆಟಗಾರರು, ಇಬ್ಬರೂ ರಾಷ್ಟ್ರೀಯ ತಂಡದ ಕರೆಗೆ ಅರ್ಧದಲ್ಲಿ ಹೊರಡಲೇಬೇಕಾಗಿದ್ದವರು. ಪೀಟರ್ಸನ್ ಆರು ಪಂದ್ಯಗಳಲ್ಲಿ ನಾಯಕತ್ವ ವಹಿಸಿ 93 ಓಟ ಗಳಿಸಿದರು. ತಂಡ ಗೆದ್ದದ್ದು ಎರಡರಲ್ಲಿ. ಅವರು ಊರಿಗೆ ಹೊರಟ ಮೇಲೆ ಅನಿಲ್ ಕುಂಬ್ಳೆ ನಾಯಕರಾದರು. ಮೊದಲ ಹರಾಜಿನಲ್ಲಿ 5 ಲಕ್ಷ ಡಾಲರಿಗೆ ಬಂದಿದ್ದ ಕುಂಬ್ಳೆ ಆ ಋತುವಿನಲ್ಲಿ 21 ವಿಕೆಟ್ ಪಡೆದರು, ತಂಡವನ್ನು ಜೊಹಾನ್ಸ್‌ಬರ್ಗಿನ ಅಂತಿಮ ಪಂದ್ಯಕ್ಕೆ ಒಯ್ದರು, ಅಲ್ಲಿ 16 ಓಟ ನೀಡಿ 4 ವಿಕೆಟ್ ಕಿತ್ತರು. ತಂಡ 6 ಓಟಗಳಿಂದ ಸೋತಿತು. ಗೋದಾಮಿನಲ್ಲಿ ಒಳ್ಳೆಯ ದಾಸ್ತಾನು ಇರುವಾಗಲೇ ಪೇಟೆಗೆ ಹೋಗಿ ಮೂರು ಪಟ್ಟು ಬೆಲೆಗೆ ಬೇರೆ ಮಾಲು ತಂದ ವ್ಯಾಪಾರಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಅಪರೂಪ.

ಹದಿನಾಲ್ಕು ಕೋಟಿ ಮತ್ತು ಹತ್ತು ಲಕ್ಷ

2011ರ ಜನವರಿಯ ಹರಾಜಿನಲ್ಲಿ ಕ್ರಿಸ್ ಗೇಲ್ ಅವರನ್ನು ಯಾರೂ ಕೊಳ್ಳಲಿಲ್ಲ. ಡರ್ಕ್ ನ್ಯಾನೆಸ್ ಗಾಯಗೊಂಡದ್ದರಿಂದ ಅವರ ಬದಲಿಗೆ ಬೆಂಗಳೂರು ಗೇಲ್ ಅವರನ್ನು ಕರೆಸಿಕೊಂಡಿತು. ಅವರು 12 ಪಂದ್ಯಗಳಲ್ಲಿ 608 ಓಟ ಹೊಡೆದರು, ಮರುವರ್ಷ 733, 2013ರಲ್ಲಿ ಪುಣೆ ವಾರಿಯರ್ಸ್ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ ಅಜೇಯ 175. ಹರಾಜಿನ ಕೋಣೆಯಲ್ಲಿ ಸೇರಿದ್ದ ಹತ್ತು ತಂಡಗಳೂ ಒಟ್ಟಾಗಿ ತಪ್ಪಿದ ಪ್ರಸಂಗವಿದು. ಮಾರುಕಟ್ಟೆಯ ಬೆಲೆಯೇ ಸತ್ಯವೆಂದು ನಂಬುವವರು ಆಗಾಗ್ಗೆ ಇದನ್ನು ನೆನೆಯುವುದು ಒಳ್ಳೆಯದು.

ಆದರೆ ಲೆಕ್ಕಿಗನ ಕಣ್ಣಿಗೆ 2014ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಹರಾಜು ಇನ್ನೂ ಹೆಚ್ಚಿನ ಪಾಠವನ್ನು ಒಳಗೊಂಡಿದೆ. ಡಾಲರಿನ ಲೆಕ್ಕ ಹೋಗಿ ರೂಪಾಯಿಯ ಲೆಕ್ಕ ಬಂದದ್ದು ಆ ವರ್ಷವೇ. ಮಿತಿ 60 ಕೋಟಿ ರೂಪಾಯಿ. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರನ್ನು ಉಳಿಸಿಕೊಂಡದ್ದಕ್ಕೆ ನಿಯಮದಂತೆ 29.5 ಕೋಟಿ ಕಡಿತವಾಗಿ ಕೈಯಲ್ಲಿದ್ದದ್ದು 30.5 ಕೋಟಿ. ಅದರಲ್ಲಿ 14 ಕೋಟಿಯನ್ನು ಯುವರಾಜ್ ಸಿಂಗ್ ಒಬ್ಬರಿಗೇ ನೀಡಲಾಯಿತು. ಹೆಚ್ಚುಕಡಿಮೆ ನೂರಕ್ಕೆ ನಲವತ್ತಾರು ಪಾಲು. ಅದೇ ಹರಾಜಿನಲ್ಲಿ, ಅದೇ ಮೇಜಿನಿಂದ, ಯಜುವೇಂದ್ರ ಚಾಹಲ್ ಎಂಬ ಸ್ಪಿನ್ನರಿಗೆ 10 ಲಕ್ಷ ರೂಪಾಯಿ. ಒಬ್ಬರ ಬೆಲೆ ಇನ್ನೊಬ್ಬರ ಬೆಲೆಯ 140 ಪಟ್ಟು.

ಯುವರಾಜ್ 14 ಪಂದ್ಯಗಳಲ್ಲಿ 376 ಓಟ ಗಳಿಸಿದರು. ಇದು ಹೀನವಾದ ಆಟವೇನಲ್ಲ. ಕೆಟ್ಟ ಖರೀದಿಗಳ ಪಟ್ಟಿಯಲ್ಲಿ ಅವರ ಹೆಸರನ್ನು ಮೊದಲಿಗೆ ಬರೆಯುವವರು ಆಟಗಾರನಿಗೂ ಖರೀದಿಗೂ ಇರುವ ವ್ಯತ್ಯಾಸವನ್ನು ಮರೆಯುತ್ತಾರೆ. ಹಿಂದಿನ ಮೂರು ಬ್ಯಾಟುಗಾರರೇ ಲೀಗಿನ ಅತ್ಯಂತ ಬಲಿಷ್ಠರಾಗಿದ್ದ ತಂಡವು ನಾಲ್ಕನೆಯ ಬ್ಯಾಟುಗಾರನಿಗೆ ತನ್ನ ಕೈಯಲ್ಲಿದ್ದ ಹಣದ ಅರ್ಧದಷ್ಟನ್ನು ಸುರಿಯಿತು ಎಂಬುದೇ ತಪ್ಪು. ಆ ವರ್ಷ ತಂಡಕ್ಕೆ ಮತ್ತೆ ಏಳನೆಯ ಸ್ಥಾನ. ಋತು ಮುಗಿದ ಮೇಲೆ ಅವರನ್ನು ಬಿಡಲಾಯಿತು. 2015ರಲ್ಲಿ ದೆಹಲಿಯು 16 ಕೋಟಿಗೆ ಕೊಂಡಿತು, ಅಲ್ಲಿ ದೊರೆತದ್ದು 248 ಓಟ. ಬೆಂಗಳೂರಿನ ಬಿಲ್ಲನ್ನು ದೆಹಲಿಯವರು ಓದಲಿಲ್ಲವೆಂದು ಕಾಣುತ್ತದೆ.

ಚಾಹಲ್ 2015ರಲ್ಲಿ 23, 2016ರಲ್ಲಿ 21 ವಿಕೆಟ್ ಪಡೆದರು. ಬೆಂಗಳೂರು ತಂಡ ಬಿಡುವ ವೇಳೆಗೆ ಅವರ ಖಾತೆಯಲ್ಲಿ 139 ವಿಕೆಟ್‌ಗಳಿದ್ದವು. ಬೌಂಡರಿ ಹತ್ತಿರವಿರುವ, ಸ್ಪಿನ್ನರಿಗೆ ದಯೆ ತೋರದ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇದನ್ನು ಸಾಧಿಸಿದರೆಂಬುದನ್ನೂ ಗಮನಿಸಬೇಕು. ಬೆಂಗಳೂರು ತಂಡದ ಅತ್ಯುತ್ತಮ ಖರೀದಿ ಯಾವುದೆಂದು ಒಂದೇ ಹೆಸರು ಕೇಳಿದರೆ ಗೇಲ್ ಅಲ್ಲ, ಕೊಹ್ಲಿಯೂ ಅಲ್ಲ. ಈ 10 ಲಕ್ಷದ ಖರೀದಿಯೇ ಸರಿಯಾದ ಉತ್ತರ. ಅತ್ಯಂತ ಕೆಟ್ಟದ್ದು ಯಾವುದೆಂಬುದಕ್ಕೂ ಉತ್ತರ ಅವರ ಹೆಸರಿನಲ್ಲೇ ಅಡಗಿದೆ. 2022ರ ಹರಾಜಿಗೆ ಮುಂಚೆ ತಂಡ ಅವರನ್ನು ಬಿಟ್ಟುಕೊಟ್ಟಿತು. ವನಿಂದು ಹಸರಂಗ ಅವರಿಗೆ 10.75 ಕೋಟಿ ನೀಡಿತು. ಚಾಹಲ್ 6.5 ಕೋಟಿಗೆ ರಾಜಸ್ಥಾನಕ್ಕೆ ಹೋಗಿ ಆ ವರ್ಷ 27 ವಿಕೆಟ್‌ಗಳೊಂದಿಗೆ ಎಲ್ಲರಿಗಿಂತ ಮುಂದಿದ್ದರು. ಹಸರಂಗ 26 ಪಡೆದು ಕೊರತೆ ತುಂಬಿದರೆಂಬುದು ನಿಜ; ಆದರೆ ಮರುವರ್ಷ ಅವರು ಮಂಕಾದರು, 2023ರ ಕೊನೆಯಲ್ಲಿ ಬಿಡುಗಡೆಯಾಗಿ ಮೂಲಬೆಲೆ 1.5 ಕೋಟಿಗೆ ಹೈದರಾಬಾದಿಗೆ ಮಾರಾಟವಾದರು. ಕೊಂಡದ್ದರ ನಷ್ಟ ಖಾತೆಯಲ್ಲಿ ಕಾಣಿಸುತ್ತದೆ, ಬಿಟ್ಟುಕೊಟ್ಟದ್ದರ ನಷ್ಟ ಯಾವ ಆಯವ್ಯಯ ಪಟ್ಟಿಯಲ್ಲೂ ಕಾಣಿಸುವುದಿಲ್ಲ.

ಅಮೆರಿಕದ ಹಳೆಯ ಅನುಭವ

ಆಟಗಾರನ ಬೆಲೆಯ ಪ್ರಶ್ನೆ ಅಮೆರಿಕದ ಬೇಸ್‌ಬಾಲಿನಲ್ಲಿ ಐಪಿಎಲ್‌ಗಿಂತ ಮೂರು ದಶಕ ಹಳೆಯದು. 1975ರಲ್ಲಿ ಪೀಟರ್ ಸೈಟ್ಸ್ ಎಂಬ ಮಧ್ಯಸ್ಥಗಾರರು ಇಬ್ಬರು ಆಟಗಾರರ ವ್ಯಾಜ್ಯದಲ್ಲಿ ನೀಡಿದ ತೀರ್ಪಿನಿಂದ, ಒಪ್ಪಂದ ಮುಗಿದ ಆಟಗಾರನು ಸ್ವತಂತ್ರನಾಗಿ ತನಗೆ ಬೇಕಾದ ತಂಡದೊಡನೆ ಮಾತುಕತೆ ನಡೆಸುವ ದಾರಿ ತೆರೆಯಿತು. ಅಲ್ಲಿ ಹರಾಜಿಲ್ಲ, ಸುತ್ತಿಗೆಯೂ ಇಲ್ಲ. ಒಪ್ಪಂದಗಳು ಹತ್ತು ವರ್ಷದವರೆಗೂ ಇರುತ್ತವೆ, ಆಟ ಕೆಟ್ಟರೂ ಹಣ ನಿಲ್ಲದು. 2000ದ ಡಿಸೆಂಬರಿನಲ್ಲಿ ಟೆಕ್ಸಸ್ ರೇಂಜರ್ಸ್ ತಂಡವು ಅಲೆಕ್ಸ್ ರಾಡ್ರಿಗಸ್ ಅವರಿಗೆ ಹತ್ತು ವರ್ಷಕ್ಕೆ 25 ಕೋಟಿ 20 ಲಕ್ಷ ಡಾಲರ್ ಒಪ್ಪಿಕೊಂಡಿತು. ಆಟಗಾರರಾಗಿ ಅವರು ಒಂದಿಷ್ಟೂ ಕೊರತೆ ಮಾಡಲಿಲ್ಲ. 2003ರಲ್ಲಿ ತಮ್ಮ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯನ್ನೂ ಪಡೆದರು. ತಂಡ ಮಾತ್ರ ಮೂರು ವರ್ಷವೂ ತನ್ನ ವಿಭಾಗದಲ್ಲಿ ಕಟ್ಟಕಡೆಯ ಸ್ಥಾನದಲ್ಲಿತ್ತು. 2004ರಲ್ಲಿ ಅವರನ್ನು ನ್ಯೂಯಾರ್ಕಿಗೆ ದಾಟಿಸಿದರು. 2010ರಲ್ಲಿ ರೇಂಜರ್ಸ್ ದಿವಾಳಿ ಅರ್ಜಿ ಸಲ್ಲಿಸಿದಾಗ, ಭದ್ರತೆಯಿಲ್ಲದೆ ಬಾಕಿ ಬರಬೇಕಾದವರ ಪಟ್ಟಿಯ ಮೊದಲ ಹೆಸರು ರಾಡ್ರಿಗಸ್ ಅವರದೇ ಆಗಿತ್ತು. ಯುವರಾಜ್ ಅವರ ವಿಷಯದಲ್ಲಿ ಹೇಳಿದ ಮಾತಿಗೆ ಇದು ಬಹುದೊಡ್ಡ ಪ್ರಮಾಣದ ಸಾಕ್ಷಿ.

ಹರಾಜಿನಲ್ಲಿ ಗೆದ್ದವನೇ ಸೋಲುತ್ತಾನೆಂಬ ವಿಚಾರವನ್ನು 1971ರಲ್ಲಿ ಅಮೆರಿಕದ ತೈಲ ಕಂಪನಿಯೊಂದರ ಮೂವರು ಎಂಜಿನಿಯರುಗಳು ಲೆಕ್ಕಹಾಕಿ ತೋರಿಸಿದ್ದರು. ತೈಲವೆಷ್ಟಿದೆಯೆಂದು ಯಾರಿಗೂ ನಿಶ್ಚಯವಿಲ್ಲದ ನೆಲಕ್ಕೆ ಹಲವರು ಕೂಗಿದಾಗ, ಅತಿ ಹೆಚ್ಚು ಕೂಗಿದವನೇ ಅತಿ ಹೆಚ್ಚು ಅಂದಾಜು ತಪ್ಪಿದವನಾಗಿರುವ ಸಂಭವ ಹೆಚ್ಚು. ಹೊಗೆಸೊಪ್ಪಿನ ಎಲೆಯನ್ನು ಮುಟ್ಟಿ ನೋಡಬಹುದು. ನೆಲದೊಳಗಿನ ತೈಲವನ್ನೂ ಮುಂದಿನ ಏಪ್ರಿಲ್ ತಿಂಗಳ ಆಟವನ್ನೂ ಮುಟ್ಟಿ ನೋಡಲಾಗದು.

ಒಂದು ಓಟಕ್ಕೆ ಎಷ್ಟು?

ಬೆಲೆಯನ್ನು ಓಟದಿಂದ ಇಲ್ಲವೆ ವಿಕೆಟ್ಟಿನಿಂದ ಭಾಗಿಸಿ ನೋಡುವುದು ಒರಟು ವಿಧಾನ. ಆದರೂ ಕೆಲವು ಸಂಗತಿಗಳನ್ನು ಅದು ಬಚ್ಚಿಡಲು ಬಿಡುವುದಿಲ್ಲ. ದಿನೇಶ್ ಕಾರ್ತಿಕ್ ಅವರನ್ನು ಬೆಂಗಳೂರು 2015ರಲ್ಲಿ 10.5 ಕೋಟಿಗೆ ಕೊಂಡಿತು. 16 ಪಂದ್ಯಗಳಲ್ಲಿ 141 ಓಟ. ಒಂದು ಓಟಕ್ಕೆ ಸುಮಾರು 7.45 ಲಕ್ಷ ರೂಪಾಯಿ. ಅದೇ ತಂಡ ಅದೇ ಆಟಗಾರನನ್ನು 2022ರಲ್ಲಿ 5.5 ಕೋಟಿಗೆ ಕೊಂಡಾಗ ದೊರೆತದ್ದು 330 ಓಟ, ಓಟಕ್ಕೆ 1.67 ಲಕ್ಷ. ಏಳು ವರ್ಷ ವಯಸ್ಸಾದ ಮೇಲೆ ಅರ್ಧ ಬೆಲೆಗೆ ಎರಡು ಪಟ್ಟಿಗಿಂತ ಹೆಚ್ಚು ಆಟ! ಕಾರಣ ನಿಗೂಢವಲ್ಲ. ಮೊದಲ ಸಲ ಕೊಂಡದ್ದು ಹೆಸರನ್ನು. ಎರಡನೆಯ ಸಲ ಕೊಂಡದ್ದು ಕೊನೆಯ ನಾಲ್ಕೈದು ಓವರುಗಳಲ್ಲಿ ಹೊಡೆಯುವ ಒಂದು ನಿರ್ದಿಷ್ಟ ಕೆಲಸವನ್ನು.

2017ರಲ್ಲಿ ಹರಾಜಿನ ಹೊಸ್ತಿಲಲ್ಲಿ ಮಿಚೆಲ್ ಸ್ಟಾರ್ಕ್ ತಂಡ ತೊರೆದರು. ಅವರ ಜಾಗ ತುಂಬುವ ಅವಸರದಲ್ಲಿ ಇಂಗ್ಲೆಂಡಿನ ಟೈಮಲ್ ಮಿಲ್ಸ್ ಅವರಿಗೆ 12 ಕೋಟಿ ಕೊಡಲಾಯಿತು. ಹುಟ್ಟಿನಿಂದಲೇ ಇರುವ ಬೆನ್ನಿನ ತೊಂದರೆಯಿಂದಾಗಿ ಅವರು ಚುಟುಕು ಪಂದ್ಯಗಳನ್ನಷ್ಟೇ ಆಡುತ್ತಿದ್ದರೆಂಬುದು ಎಲ್ಲರೂ ಬಲ್ಲ ಸಂಗತಿ. ಐದು ಪಂದ್ಯ, ಐದು ವಿಕೆಟ್, ವಿಕೆಟ್ಟಿಗೆ 2.4 ಕೋಟಿ. ಆ ವರ್ಷ ಬೆಂಗಳೂರು ಕೊನೆಯ ಸ್ಥಾನಕ್ಕಿಳಿಯಿತು. 2021ರಲ್ಲಿ 75 ಲಕ್ಷ ಮೂಲಬೆಲೆಯ ಕೈಲ್ ಜೇಮಿಸನ್ 15 ಕೋಟಿಗೇರಿ ಒಂಬತ್ತು ಪಂದ್ಯಗಳಲ್ಲಿ ಒಂಬತ್ತು ವಿಕೆಟ್ ಪಡೆದರು. 2024ರಲ್ಲಿ 11.5 ಕೋಟಿಯ ಅಲ್ಜಾರಿ ಜೋಸೆಫ್ ಮೂರು ಪಂದ್ಯಗಳಲ್ಲಿ ಪಡೆದದ್ದು ಒಂದೇ ವಿಕೆಟ್. ಭಾಗಾಕಾರದ ಅಗತ್ಯವೇ ಬೀಳುವುದಿಲ್ಲ. ಮೂವರೂ ಎತ್ತರದ ವಿದೇಶಿ ವೇಗಿಗಳು ಅಥವಾ ಅತಿ ವೇಗದವರು. ಒಂದೇ ತಪ್ಪನ್ನು ಏಳು ವರ್ಷಗಳಲ್ಲಿ ಮೂರು ಬಾರಿ ಮಾಡಿದ ಖರೀದಿ ವಿಭಾಗವು ಯಾವ ಕಾರ್ಖಾನೆಯಲ್ಲೂ ಬಹುಕಾಲ ಉಳಿಯಲಾರದು.

ಇದೇ ಅವಧಿಯಲ್ಲಿ, 2021ರಲ್ಲಿ, ದೆಹಲಿಯಿಂದ 20 ಲಕ್ಷಕ್ಕೆ ಬಂದ ಹರ್ಷಲ್ ಪಟೇಲ್ 32 ವಿಕೆಟ್ ಪಡೆದು ಒಂದು ಋತುವಿನ ದಾಖಲೆಯನ್ನು ಸರಿಗಟ್ಟಿದರು. ಒಂದು ವಿಕೆಟ್ಟಿಗೆ 62,500 ರೂಪಾಯಿ. ಮರುವರ್ಷ ಅವರನ್ನು ಬಿಟ್ಟು ಮತ್ತೆ ಹರಾಜಿನಲ್ಲಿ ಕೊಂಡಾಗ ತೆತ್ತದ್ದು 10.75 ಕೋಟಿ.

ಈ ಭಾಗಾಕಾರವನ್ನು ಅತಿಯಾಗಿ ನಂಬಲೂಬಾರದು. 2024ರಲ್ಲಿ ಕೋಲ್ಕತ್ತ ತಂಡ ಸ್ಟಾರ್ಕ್ ಅವರಿಗೆ 24.75 ಕೋಟಿ ಕೊಟ್ಟು 17 ವಿಕೆಟ್ ಪಡೆಯಿತು. ವಿಕೆಟ್ಟಿಗೆ ಒಂದೂವರೆ ಕೋಟಿಯ ಹತ್ತಿರ. ಜೇಮಿಸನ್ ಅವರಿಗಿಂತ ಹೆಚ್ಚೇನೂ ಅಗ್ಗವಲ್ಲ. ಆದರೆ ಸ್ಟಾರ್ಕ್ ಅಂತಿಮ ಪಂದ್ಯದ ಆರಂಭದಲ್ಲೇ ಎದುರಾಳಿಯನ್ನು ಮುರಿದು ಪಂದ್ಯಶ್ರೇಷ್ಠರಾದರು, ಪ್ರಶಸ್ತಿ ಕೋಲ್ಕತ್ತಕ್ಕೆ ಬಂದಿತು. ಎಲ್ಲ ಓಟವೂ ಒಂದೇ ತೂಕದ್ದಲ್ಲ, ಎಲ್ಲ ವಿಕೆಟ್ಟೂ ಒಂದೇ ದರ್ಜೆಯದಲ್ಲ.

ಕನ್ನಡನಾಡಿನ ಹುಡುಗರು

2018ರ ಜನವರಿಯ ಹರಾಜಿನಲ್ಲಿ ಕರ್ನಾಟಕದ ಇಬ್ಬರು ಬ್ಯಾಟುಗಾರರು ಒಂದೇ ದಿನ ಒಂದೇ ಬೆಲೆಗೆ ಮಾರಾಟವಾದರು. ಕೆ.ಎಲ್. ರಾಹುಲ್ 11 ಕೋಟಿಗೆ ಪಂಜಾಬಿಗೆ, ಮನೀಶ್ ಪಾಂಡೆ 11 ಕೋಟಿಗೆ ಹೈದರಾಬಾದಿಗೆ. ಆ ಋತುವಿನಲ್ಲಿ ರಾಹುಲ್ 659, ಪಾಂಡೆ 284 ಓಟ ಗಳಿಸಿದರು. ಒಂದೇ ಬೆಲೆ, ಒಂದೇ ರಾಜ್ಯ, ಅಂದಿನ ಅಂದಾಜಿನಲ್ಲಿ ಒಂದೇ ದರ್ಜೆ. ಫಲ ಇಷ್ಟು ಬೇರೆ. ಇಬ್ಬರೂ ಬೆಂಗಳೂರು ತಂಡದಲ್ಲಿ ಆಡಿದ್ದವರೆಂಬುದನ್ನು ಇಲ್ಲಿ ನೆನೆಯಬೇಕು. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಪಾಂಡೆ; ಅದು 2009ರಲ್ಲಿ ಬೆಂಗಳೂರಿನ ಪರವಾಗಿ. 2014ರ ಅಂತಿಮ ಪಂದ್ಯದಲ್ಲಿ ಅವರು ಬೆಂಗಳೂರಿನ ಅಂಗಳದಲ್ಲೇ 94 ಓಟ ಹೊಡೆದರು, ಕೋಲ್ಕತ್ತದ ಪರವಾಗಿ. ಆ ವರ್ಷ ಅವರ ಬೆಲೆ 1.7 ಕೋಟಿ. 2016ರಲ್ಲಿ ಬೆಂಗಳೂರಿಗೆ 397 ಓಟ ಗಳಿಸಿಕೊಟ್ಟ ರಾಹುಲ್ ಭುಜದ ನೋವಿನಿಂದ 2017ರಲ್ಲಿ ಆಡಲಾಗಲಿಲ್ಲ; ಆಮೇಲೆ ತಂಡ ಅವರನ್ನು ಉಳಿಸಿಕೊಳ್ಳಲಿಲ್ಲ. 2025ರ ಏಪ್ರಿಲ್ 10ರಂದು ಅವರು ದೆಹಲಿಯ ಪರವಾಗಿ ಚಿನ್ನಸ್ವಾಮಿಯಲ್ಲಿ ಅಜೇಯ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ಗೆರೆ ಎಳೆದು ಇದು ನನ್ನ ಅಂಗಳವೆಂಬಂತೆ ಸನ್ನೆ ಮಾಡಿದ್ದನ್ನು ಬೆಂಗಳೂರಿನ ಪ್ರೇಕ್ಷಕರು ಎದೆಯಲ್ಲಿ ಎರಡು ಭಾವ ಹೊತ್ತು ನೋಡಿದರು.

ಇವರಿಬ್ಬರಾದರೂ ದೇಶಕ್ಕೆ ಆಡಿದವರು, ಹೆಸರುಳ್ಳವರು. ಹರಾಜಿನ ಇನ್ನೊಂದು ಮುಖ ಕಾಣುವುದು ಹೆಸರಿಲ್ಲದವರಲ್ಲಿ. ಕೊಡಗಿನ ಕೆ.ಸಿ. ಕಾರಿಯಪ್ಪ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಗಮನ ಸೆಳೆದ ಸ್ಪಿನ್ನರ್. 2015ರಲ್ಲಿ ರಾಜ್ಯದ ಹಿರಿಯರ ತಂಡಕ್ಕೆ ಇನ್ನೂ ಆಡಿರಲಿಲ್ಲ. ಮೂಲಬೆಲೆ 10 ಲಕ್ಷವಿದ್ದ ಅವರನ್ನು ಕೋಲ್ಕತ್ತ 2.4 ಕೋಟಿಗೆ ಕೊಂಡು ಆ ಋತುವಿನಲ್ಲಿ ಆಡಿಸಿದ್ದು ಒಂದೇ ಪಂದ್ಯ. ಮರುವರ್ಷ ಪಂಜಾಬು 80 ಲಕ್ಷಕ್ಕೆ ಕೊಂಡಿತು. ಬೆಂಗಳೂರಿನ ಕೃಷ್ಣಪ್ಪ ಗೌತಮ್ ಅವರ ಬೆಲೆ 2017ರಲ್ಲಿ 2 ಕೋಟಿ, 2018ರಲ್ಲಿ 6.2 ಕೋಟಿ, 2021ರಲ್ಲಿ 9.25 ಕೋಟಿ. ಭಾರತಕ್ಕೆ ಆಡದವನೊಬ್ಬನಿಗೆ ಅದು ಆ ಕಾಲಕ್ಕೆ ದಾಖಲೆ. ಚೆನ್ನೈ ತಂಡ ಆ ಋತುವಿನಲ್ಲಿ ಅವರನ್ನು ಒಂದು ಪಂದ್ಯದಲ್ಲೂ ಆಡಿಸಲಿಲ್ಲ, ಪ್ರಶಸ್ತಿಯನ್ನಂತೂ ಗೆದ್ದಿತು. 2022ರಲ್ಲಿ ಅವರಿಗೆ ಲಖನೌ ಕೊಟ್ಟದ್ದು 90 ಲಕ್ಷ.

ಇಲ್ಲಿ ಕೆಟ್ಟ ಖರೀದಿ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಆಡಿಸದೆ ಕೂರಿಸಿದ ಆಟಗಾರನು ಕೆಟ್ಟ ಸರಕೆಂದು ಹೇಳಲು ಯಾರಿಗೂ ಆಧಾರವಿಲ್ಲ. ಆದರೆ ಹರಾಜಿನ ಕಡತದಲ್ಲಿ ಅವನ ಬೆಲೆ ಮಾತ್ರ ಕುಸಿಯುತ್ತದೆ. ಹೊಗೆಸೊಪ್ಪಿನ ಬೆಳೆಗಾರನಿಗಿರುವ, ಈ ಬೆಲೆ ಬೇಡವೆನ್ನುವ ಹಕ್ಕು ಆಟಗಾರನಿಗಿಲ್ಲ. ಅಮೆರಿಕದ ಬೇಸ್‌ಬಾಲಿಗನಿಗಿರುವ, ಈ ತಂಡ ಬೇಡವೆನ್ನುವ ಹಕ್ಕೂ ಇಲ್ಲ. ವಿದೇಶಿಯೊಬ್ಬನು ಹರಾಜಿನಲ್ಲಿ ಆಯ್ಕೆಯಾದ ಮೇಲೆ ತಕ್ಕ ಕಾರಣವಿಲ್ಲದೆ ಹಿಂದೆ ಸರಿದರೆ ಎರಡು ವರ್ಷ ನಿಷೇಧವೆಂಬ ನಿಯಮವೂ 2025ರ ಋತುವಿನಿಂದ ಬಂದಿದೆ.

2025ರ ಹಂಚಿಕೆ

2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿಗೆ ಮಿತಿ 120 ಕೋಟಿ. ಕೊಹ್ಲಿಗೆ 21, ರಜತ್ ಪಾಟೀದಾರ್ ಅವರಿಗೆ 11, ಯಶ್ ದಯಾಳ್ ಅವರಿಗೆ 5 ಕೋಟಿ ನೀಡಿ ಉಳಿಸಿಕೊಂಡ ಬೆಂಗಳೂರಿನ ಬಳಿ 83 ಕೋಟಿ ಇತ್ತು. ಪಾಟೀದಾರ್ ಅವರ ಹಿನ್ನೆಲೆಯೂ ಸ್ವಾರಸ್ಯಕರವಾದುದು. 2022ರ ಹರಾಜಿನಲ್ಲಿ ಮಾರಾಟವಾಗದೆ ಉಳಿದಿದ್ದ ಅವರು, ಕರ್ನಾಟಕದ ಲವನೀತ್ ಸಿಸೋಡಿಯ ಗಾಯಗೊಂಡಾಗ 20 ಲಕ್ಷಕ್ಕೆ ಬದಲಿಯಾಗಿ ಬಂದು ಎಂಟು ಪಂದ್ಯಗಳಲ್ಲಿ 333 ಓಟ ಗಳಿಸಿದರು. ಒಂದು ಓಟಕ್ಕೆ ಆರು ಸಾವಿರ ರೂಪಾಯಿ! ಅದೇ ಪಾಟೀದಾರ್ 2025ರಲ್ಲಿ ನಾಯಕರು.

ಆ ಹರಾಜಿನಲ್ಲಿ ಲಖನೌ ಒಬ್ಬರಿಗೇ 27 ಕೋಟಿ, ಪಂಜಾಬು 26.75 ಕೋಟಿ, ಕೋಲ್ಕತ್ತ 23.75 ಕೋಟಿ ನೀಡಿದವು. ಕೋಲ್ಕತ್ತಕ್ಕೆ ದೊರೆತದ್ದು 142 ಓಟ, ಲಖನೌಗೆ 269. ಪಂಜಾಬಿನ ಶ್ರೇಯಸ್ ಅಯ್ಯರ್ ಮಾತ್ರ 604 ಓಟ ಗಳಿಸಿ ಬೆಲೆಗೆ ನ್ಯಾಯ ಒದಗಿಸಿದರು. ಬೆಂಗಳೂರಿನ ಅತಿ ದುಬಾರಿ ಖರೀದಿ ಜೋಶ್ ಹೇಜಲ್‌ವುಡ್, 12.5 ಕೋಟಿ, ಒಟ್ಟು ಮಿತಿಯಲ್ಲಿ ನೂರಕ್ಕೆ ಹತ್ತೂವರೆಗಿಂತ ಕಡಿಮೆ. 2014ರಲ್ಲಿ ಯುವರಾಜ್ ಅವರಿಗೆ ಸಂದದ್ದು ನೂರಕ್ಕೆ ಇಪ್ಪತ್ತಮೂರು. ಭುವನೇಶ್ವರ್ ಕುಮಾರ್ 10.75, ರಸಿಖ್ ಸಲಾಂ 6, ಕೃಣಾಲ್ ಪಾಂಡ್ಯ 5.75, ಸುಯಶ್ ಶರ್ಮ 2.6 ಕೋಟಿ, ಹೇಜಲ್‌ವುಡ್ ಸೇರಿ ಐವರಿಗೆ 37.6 ಕೋಟಿ, ಎಲ್ಲವೂ ಚೆಂಡೆಸೆಯುವ ಕೈಗಳಿಗೆ. ರಾಹುಲ್ ಅವರನ್ನು 14 ಕೋಟಿಗೆ ದೆಹಲಿಗೆ ಬಿಟ್ಟುಕೊಟ್ಟಾಗ ಕನ್ನಡಿಗರು ಬೈದದ್ದು ಸಹಜ. 2 ಕೋಟಿಯ ಮೂಲಬೆಲೆಗೆ ದೇವದತ್ತ ಪಡಿಕ್ಕಲ್ ಬಂದರೆಂಬುದು ಆಗ ಸಮಾಧಾನ ನೀಡಲಿಲ್ಲ.

ಹೇಜಲ್‌ವುಡ್ 22, ಕೃಣಾಲ್ ಮತ್ತು ಭುವನೇಶ್ವರ್ ತಲಾ 17 ವಿಕೆಟ್ ಪಡೆದರು. 8.75 ಕೋಟಿಯ ಲಿಯಾಮ್ ಲಿವಿಂಗ್‌ಸ್ಟನ್ 112 ಓಟಗಳಿಗೆ ನಿಂತರು. ಆದರೆ ಹಣ ಹಂಚಿಕೆಯಾಗಿದ್ದುದರಿಂದ ಒಂದು ತಪ್ಪನ್ನು ತಂಡ ತಾಳಿಕೊಂಡಿತು. ಜೂನ್ 3ರಂದು ಅಹಮದಾಬಾದಿನಲ್ಲಿ 190 ಓಟಗಳನ್ನು ಕಾಪಾಡಿಕೊಂಡು 6 ಓಟಗಳಿಂದ ಗೆದ್ದದ್ದು ಬೌಲರುಗಳ ಬಲದಿಂದ. ಪಂದ್ಯಶ್ರೇಷ್ಠ, 17 ಓಟಕ್ಕೆ 2 ವಿಕೆಟ್ ಪಡೆದ 5.75 ಕೋಟಿಯ ಕೃಣಾಲ್. 2016ರ ಅಂತಿಮ ಪಂದ್ಯದಲ್ಲಿ ಇದೇ ತಂಡದ 9.5 ಕೋಟಿಯ ಶೇನ್ ವಾಟ್ಸನ್ ನಾಲ್ಕು ಓವರುಗಳಲ್ಲಿ 61 ಓಟ ನೀಡಿದ್ದರು, ಸೋಲು 8 ಓಟಗಳದ್ದಾಗಿತ್ತು. ಹದಿನೆಂಟನೆಯ ಋತುವಿನಲ್ಲಿ ಬಂದ ಗೆಲುವಿನ ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಅಸುನೀಗಿದರು. ಆ ಲೆಕ್ಕ ಯಾವ ಹಣದಲ್ಲೂ ತೀರುವಂಥದಲ್ಲ.

ಒಂದು ಸಲಹೆ

ಫ್ರಾಂಚೈಸಿಗಳು ತಮ್ಮ ತಪ್ಪುಗಳಿಂದ ಕಲಿಯುವಷ್ಟು ಕಾಲಾವಕಾಶ ಹೊಂದಿವೆ. ಇಪ್ಪತ್ತರ ಆಸುಪಾಸಿನ ಹುಡುಗನಿಗೆ ಆ ಅವಕಾಶವಿಲ್ಲ. ಇಂಥಲ್ಲಿ ಬೇಸ್‌ಬಾಲಿನ ಇನ್ನೊಂದು ಒಪ್ಪಂದದಿಂದ ಮಂಡಳಿಯವರು ಪಾಠ ಕಲಿಯಬಹುದು. ನ್ಯೂಯಾರ್ಕ್ ಮೆಟ್ಸ್ ತಂಡವು 2000ದಲ್ಲಿ ಬಾಬಿ ಬೊನಿಯ ಅವರಿಗೆ ಕೊಡಬೇಕಾಗಿದ್ದ 59 ಲಕ್ಷ ಡಾಲರನ್ನು ಅಂದೇ ಕೊಡದೆ, ಶೇಕಡಾ 8ರ ಬಡ್ಡಿಯೊಡನೆ 2011ರಿಂದ 2035ರವರೆಗೆ ಪ್ರತಿ ಜುಲೈ 1ರಂದು ಸುಮಾರು 11.9 ಲಕ್ಷ ಡಾಲರ್ ಕೊಡಲು ಒಪ್ಪಿತು. ಅಮೆರಿಕದ ಪತ್ರಿಕೆಗಳು ಇದನ್ನು ಅತ್ಯಂತ ಕೆಟ್ಟ ಒಪ್ಪಂದವೆಂದು ಪ್ರತಿವರ್ಷ ಗೇಲಿ ಮಾಡುತ್ತವೆ. ಆಟಗಾರನ ಕಡೆಯಿಂದ ನೋಡಿದರೆ ಇದಕ್ಕಿಂತ ವಿವೇಕದ ಒಪ್ಪಂದ ಅಪರೂಪ. 2023ರಲ್ಲಿ ಶೊಹೆ ಒಟಾನಿ ಅವರು ಲಾಸ್ ಏಂಜಲೀಸ್ ತಂಡದೊಡನೆ ಒಪ್ಪಿದ 70 ಕೋಟಿ ಡಾಲರಿನಲ್ಲಿ 68 ಕೋಟಿ ಪಾವತಿಯಾಗುವುದು 2034ರಿಂದ 2043ರ ನಡುವೆ.

ಭಾರತಕ್ಕೆ ಆಡದ ಆಟಗಾರನ ಬೆಲೆ ಮೂಲಬೆಲೆಯ ಹತ್ತು ಪಟ್ಟು ಮೀರಿದಾಗ, ಅದರ ಮೂರನೆಯ ಒಂದು ಭಾಗವನ್ನು ಹೀಗೆ ಮುಂದೂಡುವ ನಿಯಮ ಮಾಡಲು ಅಡ್ಡಿಯಿಲ್ಲ. 2.4 ಕೋಟಿಯಲ್ಲಿ 80 ಲಕ್ಷವನ್ನು ಶೇಕಡಾ 7ರ ಚಕ್ರಬಡ್ಡಿಯಲ್ಲಿ 20 ವರ್ಷ ತೊಡಗಿಸಿದರೆ ಅದು ಸುಮಾರು 3.10 ಕೋಟಿಯಾಗುತ್ತದೆ, ಆಟ ಮುಗಿದು ಬೇರೆ ದುಡಿಮೆ ಹುಡುಕುವ ವಯಸ್ಸಿಗೆ ಸರಿಯಾಗಿ ಕೈಸೇರುತ್ತದೆ. ಮುಂದೂಡುವ ಷರತ್ತು ಮೂಲ ಒಪ್ಪಂದದಲ್ಲೇ ಇರಬೇಕು, ಹಣ ಸಲ್ಲತಕ್ಕದ್ದಾದ ಮೇಲೆ ಬರೆದುಕೊಂಡರೆ ತೆರಿಗೆ ಇಲಾಖೆ ಒಪ್ಪುವುದಿಲ್ಲ. ಹಣವನ್ನು ಫ್ರಾಂಚೈಸಿಯ ಕೈಯಲ್ಲಿ ಬಿಡಲೂಬಾರದು. ಕೊಚ್ಚಿ ತಂಡವನ್ನು 2011ರಲ್ಲಿ ರದ್ದುಪಡಿಸಿದ ಹತ್ತು ವರ್ಷಗಳ ನಂತರ, 2021ರಲ್ಲಿ, ಆ ತಂಡದಲ್ಲಿದ್ದ ಆಸ್ಟ್ರೇಲಿಯದ ಬ್ರಾಡ್ ಹಾಡ್ಜ್ ತಮ್ಮ ಸಂಭಾವನೆಯ ಶೇಕಡಾ 35 ಇನ್ನೂ ಬಂದಿಲ್ಲವೆಂದು ಬಹಿರಂಗವಾಗಿ ಕೇಳಬೇಕಾಯಿತು. ಮುಂದೂಡಿದ ಮೊತ್ತವನ್ನು ಹರಾಜಾದ ತಿಂಗಳೊಳಗೆ ಕ್ರಿಕೆಟ್ ಮಂಡಳಿಯು ಪ್ರತ್ಯೇಕ ನ್ಯಾಸದಲ್ಲಿ ಜಮಾ ಮಾಡಿಸಿಕೊಂಡು, ಆಟಗಾರನ ಹೆಸರಿನ ಖಾತೆಯ ಲೆಕ್ಕಪತ್ರವನ್ನು ಪ್ರತಿವರ್ಷ ಪರಿಶೋಧನೆಗೆ ಒಪ್ಪಿಸತಕ್ಕದ್ದು.